ಮದುವೆಯ ಊರು ಯಾವುದು?

ಎರಡು ವರ್ಷಕ್ಕೊಮ್ಮೆ ನಡೆಯುವ ನಮ್ಮ ಸಮ್ಮೇಳನದಲ್ಲಿ ಊಟದ ಸಾಲಿನಲ್ಲಿ ನಿಂತಾಗ ಕಿವಿಗೆ ಬೀಳುವ ಮಾತುಗಳು ಸಮ್ಮೇಳನದಿಂದ ಸಮ್ಮೇಳನಕ್ಕೆ ಬದಲಾಗುವುದನ್ನು ನಾನು ಗಮನಿಸುತ್ತ ಬಂದಿದ್ದೇನೆ. ಮೊದಲು ವೀಸಾ ಮತ್ತು ಬಾಡಿಗೆ ಮನೆ. ಅನಂತರ ಮಕ್ಕಳ ಶಾಲೆ ಮತ್ತು ಕನ್ನಡ ಪಾಠ. ಈಗ ಆ ಮಕ್ಕಳ ಮದುವೆ. 'ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು' ಎಂದ ನಮ್ಮ ಹಿರಿಯರು, ಮದುವೆಯನ್ನು ಎರಡು ಖಂಡಗಳ ನಡುವೆ ಮಾಡಿ ನೋಡು ಎಂದು ಹೇಳಿರಲಿಲ್ಲ. ಆ ಭಾಗ್ಯ ನಮ್ಮ ಪೀಳಿಗೆಗೆ ಮೀಸಲು.

ನಾನು ನೆಲೆಸಿರುವುದು ಜರ್ಮನಿಯ ಬವೇರಿಯಾ ರಾಜ್ಯದ ಫ್ರಾಂಕೋನಿಯಾ ಪ್ರಾಂತದ ಹರ್ಟ್ಸೋಗೆನಾವ್‌ರಾಕ್ ಎಂಬ ಚಿಕ್ಕ ಪಟ್ಟಣದಲ್ಲಿ. ಔರಾಕ್ ಎಂಬ ಪುಟ್ಟ ಹೊಳೆ, ಎರಡು ಹಳೆಯ ಗೋಪುರಗಳು, ಸುಮಾರು 25 ಸಾವಿರ ಜನ. ಆದರೂ ಈ ಊರಿನ ಪಾದರಕ್ಷೆಗಳನ್ನು ಲೋಕವೆಲ್ಲ ಮೆಟ್ಟುತ್ತದೆ. ಡಾಸ್ಲರ್ ಸಹೋದರರು ಕೂಡಿ ನಡೆಸುತ್ತಿದ್ದ ಪಾದರಕ್ಷೆ ಕಾರ್ಖಾನೆ ಮನಸ್ತಾಪದಿಂದ ಒಡೆದು, ಅಣ್ಣ ರುಡಾಲ್ಫ್ 1948ರಲ್ಲಿ ಪೂಮಾವನ್ನೂ ತಮ್ಮ ಅಡಾಲ್ಫ್ 1949ರಲ್ಲಿ ಅಡಿಡಾಸನ್ನೂ ಕಟ್ಟಿದರು. ಊರೂ ಇಬ್ಭಾಗವಾಯಿತು. ಎದುರಿಗೆ ಬಂದವನ ಮುಖಕ್ಕಿಂತ ಮೊದಲು ಅವನ ಕಾಲನ್ನು ನೋಡುವ ಅಭ್ಯಾಸದಿಂದ ಇದಕ್ಕೆ 'ಕತ್ತು ಬಗ್ಗಿಸಿದವರ ಊರು' ಎಂಬ ಅಡ್ಡಹೆಸರೇ ಬಂತು. ಅಣ್ಣ 1974ರಲ್ಲಿ, ತಮ್ಮ 1978ರಲ್ಲಿ ತೀರಿಕೊಂಡರು; ಇಬ್ಬರ ಸಮಾಧಿಗಳೂ ಒಂದೇ ಸ್ಮಶಾನದ ಎರಡು ಕೊನೆಗಳಲ್ಲಿವೆ. ಎರಡು ಕಂಪನಿಗಳ ನೌಕರರು ಒಟ್ಟಿಗೆ ಫುಟ್‌ಬಾಲ್ ಆಡಿ ಕೈಕುಲುಕಲು 2009ರ ವರೆಗೆ ಕಾಯಬೇಕಾಯಿತು. ಇಂಥ ಊರಿನಲ್ಲಿ ಹುಟ್ಟಿ ಬೆಳೆದವಳು ನನ್ನ ಮಗಳು. ಅವಳು ಮೆಚ್ಚಿದ ವರನೂ ಇಲ್ಲಿಯವನೇ, ಅಪ್ಪಟ ಫ್ರಾಂಕೋನಿಯಾದ ಹುಡುಗ.

ಮದುವೆಯ ಮಾತು ಬಂದಾಗ ನನ್ನ ಮತ್ತು ನನ್ನ ಪತ್ನಿಯ ಮನಸ್ಸಿನಲ್ಲಿದ್ದ ಚಿತ್ರ ಒಂದೇ: ಮಲೆನಾಡಿನ ನಮ್ಮ ಹಳ್ಳಿ, ಅಡಕೆಯ ಸೋಗೆ ಹೊದೆಸಿದ ಚಪ್ಪರ, ಮಾವಿನ ತೋರಣ. ಮಗಳು ಎಲ್ಲವನ್ನೂ ಶಾಂತವಾಗಿ ಕೇಳಿ, 'ಅಪ್ಪಾ, ಅದು ನಿಮ್ಮ ಊರು. ನನಗೆ ಅದು ಡೆಸ್ಟಿನೇಷನ್ ವೆಡ್ಡಿಂಗ್' ಎಂದಳು. ಅವಳ ಮಾತಿನಲ್ಲಿ ಅಗೌರವವಿರಲಿಲ್ಲ, ಇದ್ದುದು ಲೆಕ್ಕಾಚಾರವಷ್ಟೆ. ಅವಳ ಗೆಳತಿಯರು, ಗುರುಗಳು, ಸೈಕಲ್ ಕಲಿಸಿಕೊಟ್ಟ ಪಕ್ಕದ ಮನೆಯ ಮುದುಕಿ, ಎಲ್ಲರೂ ಇರುವುದು ಇಲ್ಲಿ. ನಾನು ಮೂವತ್ತು ವರ್ಷಗಳಿಂದ 'ಊರು' ಎಂದು ಕರೆಯುತ್ತ ಬಂದ ಸ್ಥಳ, ಅವಳ ಪಾಲಿಗೆ ವಿಮಾನದಲ್ಲಿ ತಲುಪಬೇಕಾದ ಒಂದು ಗಮ್ಯಸ್ಥಾನ. ಸಮ್ಮೇಳನಕ್ಕೆ ಬಂದಿರುವ ತಮ್ಮಲ್ಲಿ ಹಲವರು ಈ ಮಾತನ್ನು ಬೇರೆ ಬೇರೆ ರೂಪದಲ್ಲಿ ಕೇಳಿರುತ್ತೀರಿ, ಇಲ್ಲವೆ ಮುಂದೆ ಕೇಳಲಿದ್ದೀರಿ.

ಡೆಸ್ಟಿನೇಷನ್ ವೆಡ್ಡಿಂಗ್ ಎಂಬುದು ಈಗ ದೊಡ್ಡ ವ್ಯಾಪಾರ. ನೋಟ ಚೆನ್ನಾಗಿರುವ ಒಂದು ಸ್ಥಳವನ್ನು ಗೊತ್ತುಮಾಡಿ ವಧುವರರ ಎರಡೂ ಕಡೆಯವರನ್ನು ಅಲ್ಲಿಗೆ ಕರೆದೊಯ್ಯುವುದು ಅದರ ಕ್ರಮ. ಉದಯಪುರ, ಗೋವೆ, ನಮ್ಮಲ್ಲಿ ಕೊಡಗು, ಹಂಪಿ, ಗೋಕರ್ಣ. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ 2018ರ ನವೆಂಬರಿನಲ್ಲಿ ಇಟಲಿಯ ಕೋಮೊ ಸರೋವರದ ತೀರದಲ್ಲಿ ವಿವಾಹವಾದದ್ದು ತಮಗೆಲ್ಲ ತಿಳಿದಿದೆ. ಕೆಲವೇ ದಿನಗಳಲ್ಲಿ ಬೆಂಗಳೂರಿನಲ್ಲಿ ಆರತಕ್ಷತೆಯನ್ನೂ ಏರ್ಪಡಿಸಬೇಕಾಯಿತೆಂಬುದನ್ನು ಮಾತ್ರ ನಾವು ಮರೆತಿರುತ್ತೇವೆ. ಸರೋವರದ ಬಳಿಗೆ ಬರಲಾಗದವರ ಬಳಿಗೆ ಮದುವೆಯೇ ಹೋಗಬೇಕಾಯಿತು. 2023ರ ನವೆಂಬರಿನಲ್ಲಿ ಭಾರತದ ಪ್ರಧಾನಿಯವರು ತಮ್ಮ ಆಕಾಶವಾಣಿ ಭಾಷಣದಲ್ಲಿ, ಅನುಕೂಲಸ್ಥರು ವಿದೇಶಗಳಿಗೆ ಹೋಗಿ ಮದುವೆ ಮಾಡುವುದೇಕೆ ಎಂದು ಪ್ರಶ್ನಿಸಿದರು. ಆದರೆ ಹರ್ಟ್ಸೋಗೆನಾವ್‌ರಾಕ್‌ನ ವಧುವಿಗೆ ವಿದೇಶ ಯಾವುದು?

ದೂರದ ಊರಿನ ಮದುವೆ ನಮ್ಮ ನಾಡಿಗೆ ಹೊಸತೂ ಅಲ್ಲ. ಹರಕೆ ಹೊತ್ತು ಕ್ಷೇತ್ರಕ್ಕೆ ಹೋಗಿ ತಾಳಿ ಕಟ್ಟಿಸುವ ವಾಡಿಕೆ ಹಳೆಯದು. ಧರ್ಮಸ್ಥಳದಲ್ಲಿ ಸಾಮೂಹಿಕ ವಿವಾಹಗಳು 1972ರಿಂದ ನಡೆಯುತ್ತಿವೆ. ಜರ್ಮನಿಗೂ ಕನ್ನಡ ನಾಡಿಗೂ ಇಂಥ ಮದುವೆಗಳ ಒಂದು ಹಳೆಯ ನಂಟೂ ಉಂಟು. ಕನ್ನಡಕ್ಕೆ ಕಿಟೆಲ್ ಅವರನ್ನು ಕೊಟ್ಟ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಮುಂದೆ ಅವರ ಎಷ್ಟೋ ಬೋಧಕರಿಗೆ ವಧುಗಳು ಬಂದದ್ದು ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಮೊದಲಾದ ಕಡೆಗಳಿಂದ, ಹಡಗಿನಲ್ಲಿ. ವರನನ್ನು ಪತ್ರಗಳಲ್ಲಷ್ಟೇ ಬಲ್ಲ ಆ ಕನ್ಯೆಯರು ಕಡಲು ದಾಟಿ ಬಂದು ವಿವಾಹವಾದರು. ತಾಯಿತಂದೆಯರು ಬರುವ ಮಾತೇ ಇರಲಿಲ್ಲ. ಅವರ ಮದುವೆಯಲ್ಲಿ ಇಲ್ಲದ್ದು ಸುಂದರ ಸ್ಥಳವಲ್ಲ. ತಮ್ಮನ್ನು ಬಾಲ್ಯದಿಂದ ಬಲ್ಲವರು.

ಈ ವಿಚಾರ ನನ್ನನ್ನು ಸಾಕ್ಷಿಗಳ ಪ್ರಶ್ನೆಗೆ ತಂದು ನಿಲ್ಲಿಸಿತು. ನಮ್ಮಲ್ಲಿ ಮದುವೆ ಅಗ್ನಿಸಾಕ್ಷಿ ಮಾತ್ರವಲ್ಲ, ಹತ್ತು ಸಮಸ್ತರ ಸಾಕ್ಷಿಯೂ ಹೌದು. ಚಪ್ಪರಕ್ಕೆ ಕಂಬ ನೆಟ್ಟವರು, ಅಡಿಗೆಗೆ ತೆಂಗಿನಕಾಯಿ ತುರಿದವರು, ಪಂಕ್ತಿಯಲ್ಲಿ ಬಡಿಸಿದವರು, ಇವರೇ ಮುಂದೆ ದಂಪತಿಗಳ ಕಷ್ಟಸುಖಗಳಲ್ಲಿ ಮಾತನಾಡುವ ಅಧಿಕಾರ ಪಡೆಯುತ್ತಿದ್ದರು. ಜರ್ಮನಿಯ ಕಾನೂನು ಈ ವಿಷಯದಲ್ಲಿ ವಿಚಿತ್ರವಾಗಿದೆ. 1876ರ ಜನವರಿ 1ರಿಂದ ಈ ದೇಶದಲ್ಲಿ ಕಾನೂನಿನ ಮದುವೆಯೆಂದರೆ ಸರ್ಕಾರಿ ನೋಂದಣಿ ಕಚೇರಿಯಲ್ಲಿ ಅಧಿಕಾರಿಯ ಮುಂದೆ ಆಗುವ ಮದುವೆ. ಪಾದ್ರಿಯಾಗಲಿ ಪುರೋಹಿತರಾಗಲಿ ಮಾಡಿಸಿದ್ದಕ್ಕೆ ಅಷ್ಟರಿಂದಲೇ ಕಾನೂನಿನ ಬಲವಿಲ್ಲ. 1998ರ ತಿದ್ದುಪಡಿಯ ಬಳಿಕ ಅಲ್ಲಿ ಸಾಕ್ಷಿಗಳೂ ಕಡ್ಡಾಯವಲ್ಲ; ವಧುವರರು ಬಯಸಿದರೆ ಒಬ್ಬರು ಅಥವಾ ಇಬ್ಬರು ಇರಬಹುದು. ಭಾರತದ 1954ರ ವಿಶೇಷ ವಿವಾಹ ಅಧಿನಿಯಮಕ್ಕೆ ಮೂವರು ಸಾಕ್ಷಿಗಳು ಬೇಕೇ ಬೇಕು. ನಮ್ಮ ಹಳ್ಳಿಯ ಸಂಪ್ರದಾಯಕ್ಕೆ ಊರೇ ಬೇಕು.

ಇನ್ನು ವ್ಯವಹಾರದ ಮಾತು. ಇದೇ ಹಾದಿಯಲ್ಲಿರುವವರಿಗೆ ಉಪಯೋಗವಾದೀತೆಂದು ತುಸು ವಿವರವಾಗಿಯೇ ಬರೆಯುತ್ತೇನೆ. ಹಿಂದೂ ವಿವಾಹ ಅಧಿನಿಯಮದಡಿ ಮದುವೆಯಾಗಲು ಇಬ್ಬರೂ ಹಿಂದೂಗಳಾಗಿರಬೇಕು. ಹಾಗಲ್ಲದವರು ಭಾರತದಲ್ಲಿ ಕಾನೂನಿನ ವಿವಾಹವನ್ನೇ ಮಾಡಿಕೊಳ್ಳಬೇಕೆಂದರೆ ಸಾಮಾನ್ಯವಾಗಿ ವಿಶೇಷ ವಿವಾಹ ಅಧಿನಿಯಮಕ್ಕೆ ಹೋಗಬೇಕು. ಅದರಲ್ಲಿ ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ನೋಟೀಸು ಕೊಡಬೇಕು. ಆಕ್ಷೇಪಣೆಗಳಿಗಾಗಿ ಮತ್ತೆ 30 ದಿನ ಕಾಯಬೇಕು. ಇಲ್ಲಿಯ ನೌಕರನಿಗೆ ವರ್ಷಕ್ಕೆ ಸಿಗುವ ರಜೆಯೇ ಬಹುಮಟ್ಟಿಗೆ 30 ದಿನ. ಆದ್ದರಿಂದ ಕಾನೂನಿನ ವಿವಾಹವನ್ನು ಇಲ್ಲಿಯೇ ಮುಗಿಸಿಕೊಳ್ಳುವುದು ಲೇಸು. ಅದಕ್ಕೂ ಸಿದ್ಧತೆ ಬೇಕು. ವಧುವರರಲ್ಲಿ ಒಬ್ಬರು ಭಾರತೀಯ ಪ್ರಜೆಯಾಗಿದ್ದರೆ, ವಿವಾಹಕ್ಕೆ ಅಡ್ಡಿಯಿಲ್ಲವೆಂಬ ಜರ್ಮನ್ ನಮೂನೆಯ ಪ್ರಮಾಣಪತ್ರದ ಬದಲು ಇಲ್ಲಿಯ ಮೇಲಿನ ನ್ಯಾಯಾಲಯದ ಅಧ್ಯಕ್ಷರಿಂದ ವಿನಾಯಿತಿ ಪಡೆಯಬೇಕಾಗುತ್ತದೆ; ಜನನ ಪ್ರಮಾಣಪತ್ರವೇ ಮೊದಲಾದವುಗಳ ಪರಿಶೀಲನೆಗೆ ತಿಂಗಳುಗಳೇ ಹಿಡಿಯುತ್ತವೆ. ಅಡ್ಡಿಯಿಲ್ಲವೆಂದು ಕಚೇರಿ ತಿಳಿಸಿದ ಮೇಲೆ ಆರು ತಿಂಗಳೊಳಗೆ ಮದುವೆ ನಡೆಯಬೇಕು. ಆದ್ದರಿಂದ ಕಾಗದಪತ್ರಗಳನ್ನು ಒಂದು ವರ್ಷ ಮೊದಲೇ ಹೊರತೆಗೆಯಿರಿ.

ದಿನ ಗೊತ್ತುಮಾಡುವಾಗ ಇನ್ನೊಂದು ತಮಾಷೆ ಎದುರಾಯಿತು. ಬವೇರಿಯಾದ ಶಾಲೆಗಳ ಬೇಸಿಗೆ ರಜೆ ಆಗಸ್ಟ್ ಆರಂಭದಿಂದ ಸೆಪ್ಟೆಂಬರ್ ನಡುವಿನ ತನಕ; ಆಗ ಮಲೆನಾಡಿನಲ್ಲಿ ಚಪ್ಪರ ನಿಲ್ಲದ ಮಳೆ. ಕ್ರಿಸ್‌ಮಸ್ ರಜೆಯೆಂದರೆ ನಮಗೆ ಧನುರ್ಮಾಸ. ಆ ತಿಂಗಳಲ್ಲಿ ಮದುವೆಯ ಮಾತೆತ್ತಿದರೆ ನನ್ನ ತಾಯಿ ಕಿವಿ ಮುಚ್ಚಿಕೊಳ್ಳುತ್ತಾರೆ. ಇವರ ಬಿಡುವಿಗೂ ನಮ್ಮ ಪಂಚಾಂಗಕ್ಕೂ ಹಳೆಯ ವೈರವಿದ್ದಂತೆ ತೋರಿತು. ಕೊನೆಗೆ ನೆರವಿಗೆ ಬಂದದ್ದು ಫೆಬ್ರವರಿಯ ಸುಮಾರಿಗೆ ಬರುವ, ಇಲ್ಲಿಯ ಕಾರ್ನಿವಲ್ ಹಬ್ಬದ ಒಂದು ವಾರದ ರಜೆ. ಸಂಕ್ರಾಂತಿ ಕಳೆದಿರುತ್ತದೆ, ಅಡಕೆಯ ಕೊಯ್ಲು ಮುಗಿಯುತ್ತ ಬಂದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ.

ಸ್ಥಳದ ಪ್ರಶ್ನೆ ಉಳಿಯಿತು. ನನ್ನ ತಾಯಿಗೆ 86 ವರ್ಷ. ಅವರನ್ನು ಇಲ್ಲಿಗೆ ಕರೆಸೋಣವೆಂದರೆ ಆಹ್ವಾನಪತ್ರ, ಖರ್ಚಿನ ಹೊಣೆಯ ಮುಚ್ಚಳಿಕೆ, ಕನಿಷ್ಠ 30 ಸಾವಿರ ಯೂರೋಗಳ ವೈದ್ಯಕೀಯ ವಿಮೆ, ಇವೆಲ್ಲವನ್ನೂ ಹೊಂದಿಸಬಹುದು. ಮಂಡಿನೋವಿನ ಆ ಜೀವವನ್ನು ವಿಮಾನದಲ್ಲಿ ಒಂಬತ್ತು ಹತ್ತು ಗಂಟೆ ಕೂರಿಸುವುದಾಗದು. ಅತ್ತ ವರನ ಅಜ್ಜನೂ ಪ್ರಯಾಣ ಮಾಡಲಾರರು. ಹೀಗಿರುವಾಗ ಮಧ್ಯದ ಯಾವುದೋ ಕಡಲತೀರವನ್ನು ಆರಿಸಿದರೆ ಚಿತ್ರಗಳು ಚೆನ್ನಾಗಿ ಬಂದಾವು. ಆದರೆ ಎರಡೂ ಕಡೆಯ ಹಿರಿಯರು ಇರುವುದಿಲ್ಲ. ಆಗ ನಾವು ಸ್ಥಳಗಳ ಪಟ್ಟಿಯನ್ನು ಬದಿಗಿಟ್ಟು ಬೇರೊಂದು ಪಟ್ಟಿ ಮಾಡಿದೆವು: ಯಾರು ಕಣ್ಣಾರೆ ನೋಡದಿದ್ದರೆ ಈ ಮದುವೆ ಅಪೂರ್ಣವೆನಿಸುತ್ತದೆ? ಹನ್ನೊಂದು ಹೆಸರುಗಳು ಬಂದವು. ಆರು ಮಂದಿ ಹರ್ಟ್ಸೋಗೆನಾವ್‌ರಾಕ್ ಬಿಟ್ಟು ಕದಲಲಾರದವರು, ಐವರು ಮಲೆನಾಡು ಬಿಟ್ಟು ಕದಲಲಾರದವರು. ಕದಲಬಲ್ಲವರು ವಧುವರರು ಮತ್ತು ನಾವು. ಅಂದಮೇಲೆ ಪ್ರಯಾಣ ಮಾಡಬೇಕಾದವರು ಯಾರೆಂಬುದು ತಾನಾಗಿಯೇ ತೀರ್ಮಾನವಾಯಿತು.

ಕಾನೂನಿನ ಮದುವೆ ಇಲ್ಲಿಯೇ. ವಾಸ್ತವವಾಗಿ ಇದು ನಮ್ಮ ಸಂಪ್ರದಾಯಕ್ಕೂ ಹೊಂದುವ ಮಾತು. ನಮ್ಮ ಕಡೆ ಮದುವೆ ನಡೆಯುವುದು ಹೆಣ್ಣಿನ ಮನೆಯಲ್ಲಿ. ದಿಬ್ಬಣ ಅಲ್ಲಿಗೆ ಬರುತ್ತದೆ. ನನ್ನ ಮಗಳ ತವರು ಯಾವುದೆಂದು ಕೇಳಿದರೆ ಹರ್ಟ್ಸೋಗೆನಾವ್‌ರಾಕ್ ಎನ್ನದೆ ಬೇರೆ ಉತ್ತರವಿಲ್ಲ. ಈ ವಾಕ್ಯ ಬರೆಯುವುದು ನನಗೆ ಸುಲಭವಾಗಲಿಲ್ಲ. ನಮ್ಮ ಹಳ್ಳಿ ಅವಳ ಅಜ್ಜಿಮನೆ ಎಂದು ಒಪ್ಪಿಕೊಂಡಂತಾಯಿತು. ಮದುವೆಯ ಹಿಂದಿನ ಸಂಜೆ ಇಲ್ಲಿ ಪೋಲ್ಟರಾಬೆಂಡ್ ಎಂಬ ಆಚರಣೆಯುಂಟು. ಅದಕ್ಕೆ ಹಳೆಯ ವಾಡಿಕೆಯಂತೆ ಯಾರನ್ನೂ ಕರೆಯುವುದಿಲ್ಲ. ಸುದ್ದಿ ಕೇಳಿದ ನೆರೆಹೊರೆಯವರು ಹಳೆಯ ಪಿಂಗಾಣಿಯನ್ನು ತಂದು ಬಾಗಿಲ ಮುಂದೆ ಒಡೆಯುತ್ತಾರೆ, ವಧುವರರು ಜೊತೆಯಾಗಿ ಗುಡಿಸುತ್ತಾರೆ. ಕರೆಯದೆಯೂ ಬರುವ ಊರವರನ್ನು ನಾನು ನಮ್ಮ ಹಳ್ಳಿಯಲ್ಲಷ್ಟೇ ಕಂಡಿದ್ದೆ. ಕಚೇರಿಯಲ್ಲಿ ಸಾಕ್ಷಿಗಳು ಬೇಡವೆಂದು ಕಾನೂನು ಹೇಳಿದರೂ ಇಬ್ಬರು ಇರಲಿದ್ದಾರೆ: ವರನ ಅಜ್ಜ ಮತ್ತು ಸೈಕಲ್ ಕಲಿಸಿದ ಆ ಪಕ್ಕದ ಮನೆಯ ಮುದುಕಿ.

ಅನಂತರದ ಫೆಬ್ರವರಿಯಲ್ಲಿ ನಮ್ಮ ದಿಬ್ಬಣ ಫ್ರಾಂಕ್‌ಫರ್ಟಿನಿಂದ ಬೆಂಗಳೂರಿಗೆ, ಅಲ್ಲಿಂದ ಮಲೆನಾಡಿಗೆ. 2023ರಲ್ಲಿ ಶಿವಮೊಗ್ಗದಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ಆರಂಭವಾದ ಮೇಲೆ ಆ ದಾರಿಯೂ ಹತ್ತಿರವಾಗಿದೆ. ಜಾತಿ, ವರದಕ್ಷಿಣೆ, ಆಡಂಬರಗಳನ್ನು ಬಿಟ್ಟು ಸರಳವಾಗಿ ಮದುವೆಯಾಗಲೆಂದು ಕುವೆಂಪು ಅವರು ರೂಪಿಸಿದ ಮಂತ್ರಮಾಂಗಲ್ಯವನ್ನೇ ಆರಿಸಿದ್ದೇವೆ. 1966ರಲ್ಲಿ ಅವರ ಪುತ್ರ ಪೂರ್ಣಚಂದ್ರ ತೇಜಸ್ವಿಯವರ ವಿವಾಹವೂ ಆ ಸರಳ ಕ್ರಮದಲ್ಲಿಯೇ ಆಯಿತು. ಫ್ರಾಂಕೋನಿಯಾದ ಹುಡುಗನೂ ಅರ್ಥ ತಿಳಿದು ಹೇಳಬಹುದಾದ ಪ್ರತಿಜ್ಞೆ ಅದು. ಎಷ್ಟೋ ಮಂದಿ ಇದಕ್ಕಾಗಿಯೇ ಕುಪ್ಪಳಿಗೆ ಹೋಗುತ್ತಾರೆ. ಆ ಕವಿಮನೆಯ ನೆರೆ ನಿಜಕ್ಕೂ ರಮ್ಯ. ನಾವು ಮಾತ್ರ ತಾಯಿಯ ಮನೆಯ ಅಂಗಳದಲ್ಲಿಯೇ ಮಾಡಲಿದ್ದೇವೆ, ಅವರು ಜಗುಲಿಯಿಂದ ಏಳಬೇಕಾಗಿಲ್ಲವೆಂಬ ಒಂದೇ ಕಾರಣಕ್ಕೆ. ಮಂತ್ರಮಾಂಗಲ್ಯಕ್ಕೆ ಮುಹೂರ್ತದ ಹಂಗಿಲ್ಲ. ಆದರೂ ತಾಯಿ ಪಂಚಾಂಗ ನೋಡಿಯೇ ದಿನ ಹೇಳಿದರು, ನಾವು ಒಪ್ಪಿದೆವು.

ಖರ್ಚು ಎರಡರಷ್ಟಾಯಿತಲ್ಲವೇ ಎಂದು ಸ್ನೇಹಿತರು ಕೇಳುತ್ತಾರೆ. ಎರಡೂ ಕಡೆ ಜನ ಕಡಿಮೆ, ಮನೆಯಂಗಳಕ್ಕೆ ಬಾಡಿಗೆಯಿಲ್ಲ; ದೊಡ್ಡ ರೆಸಾರ್ಟಿನ ಒಂದು ಮದುವೆಗಿಂತ ಈ ಎರಡೂ ಸೇರಿ ಕಡಿಮೆಯೇ ಆಗುತ್ತಿವೆ. ಮಕ್ಕಳ ಮದುವೆಯ ಸಿದ್ಧತೆಯಲ್ಲಿರುವ ಪ್ರತಿನಿಧಿ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ: ಸ್ಥಳಗಳ ಬಣ್ಣದ ಪುಸ್ತಿಕೆಗಳನ್ನು ತೆರೆಯುವ ಮುನ್ನ ಕದಲಲಾರದವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ, ಮತ್ತು ಆ ಹಾಳೆಯನ್ನು ಮಕ್ಕಳ ಜೊತೆ ಕುಳಿತು ಬರೆಯಿರಿ. ಅವರು ಬರೆಯುವ ಹೆಸರುಗಳಲ್ಲಿ ಕೆಲವು ನಿಮಗೆ ಉಚ್ಚರಿಸಲು ಬಾರದವಿರಬಹುದು. ಅವರೂ ಹತ್ತು ಸಮಸ್ತರಲ್ಲಿ ಸೇರಿದವರೇ.

ನಮ್ಮ ಭಾವೀ ಬೀಗರು ಈಗಲೇ ಒಂದು ಸಂದೇಹ ಎತ್ತಿದ್ದಾರೆ: ಅಂಗಳಕ್ಕೆ ಯಾವ ಕಂಪನಿಯ ಪಾದರಕ್ಷೆ ಧರಿಸಿ ಬಂದರೆ ಉಚಿತ? ಎಲ್ಲ ಕಂಪನಿಯವನ್ನೂ ಚಪ್ಪರದ ಹೊರಗೆ ಅಕ್ಕಪಕ್ಕದಲ್ಲಿ ಬಿಡಬೇಕಾಗುತ್ತದೆಂದು ತಿಳಿಸಿದ್ದೇನೆ. ಅವರಿಗೆ ಆ ಪದ್ಧತಿ ಬಹಳ ಹಿಡಿಸಿದೆ.