ತಂತ್ರಾಂಶ ತಯಾರಿಕೆ: ಮುಂಗಡಕ್ಕೆ ಮೊದಲು ಬರಹ

ಯಂತ್ರವೊಂದನ್ನು ತರಿಸಿಕೊಳ್ಳುವ ಸಣ್ಣ ಕೈಗಾರಿಕೋದ್ಯಮಿಯು ಅದರ ಸಾಮರ್ಥ್ಯ, ದರ ಹಾಗೂ ಪೂರೈಕೆಯ ದಿನಾಂಕವನ್ನು ಖರೀದಿ ಆದೇಶದಲ್ಲಿ ನಮೂದಿಸದೆ ಮುಂಗಡ ನೀಡುವುದಿಲ್ಲ. ಅದೇ ಉದ್ಯಮಿಯು ಬಿಲ್ಲಿಂಗ್ ಅಥವಾ ದಾಸ್ತಾನಿನ ತಂತ್ರಾಂಶವನ್ನು ಮಾಡಿಸುವಾಗ ಮಾತ್ರ ‘ನಮ್ಮ ವ್ಯವಹಾರಕ್ಕೆ ಹೊಂದುವಂತೆ ಮಾಡಿಕೊಡಿ’ ಎಂಬ ಬಾಯಿಮಾತಿಗೆ ತೃಪ್ತನಾಗುವುದುಂಟು. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆ ನಿಜವಾಗುವುದು ಇಂತಹ ಸಂದರ್ಭದಲ್ಲಿಯೇ.

ಇದನ್ನು ತಪ್ಪಿಸಲು ಮೂರು ಸರಳ ದಾಖಲೆಗಳು ಸಾಕು.

ಮೊದಲನೆಯದು ಅಗತ್ಯಗಳ ಪಟ್ಟಿ. ‘ದಾಸ್ತಾನು ಸರಿಯಾಗಿ ತೋರಬೇಕು’ ಎಂಬುದು ಕೇವಲ ಆಶಯ. ‘ಎರಡೂ ಗೋದಾಮುಗಳ ಸರಕನ್ನು ಬ್ಯಾಚ್‌ವಾರು, ದಿನದ ಅಂತ್ಯಕ್ಕೆ ತೋರಬೇಕು’ ಎಂಬುದು ಅಗತ್ಯ. ಕಾನೂನಿನ ಅಂಶಗಳೂ ಇದರಲ್ಲಿರಬೇಕು. 2025ರ ಸೆಪ್ಟೆಂಬರ್ 22ರಂದು ಅನೇಕ ಸರಕುಗಳ ಜಿಎಸ್‌ಟಿ ದರಗಳು ಬದಲಾದವು. ದರವನ್ನು ಬಳಕೆದಾರರೇ ತಿದ್ದುವ ಸೌಲಭ್ಯವನ್ನು ಮೊದಲೇ ಕೇಳಬೇಕು. ಕಂಪನಿಗಳ ಲೆಕ್ಕಪತ್ರ ತಂತ್ರಾಂಶವು ಪ್ರತಿ ತಿದ್ದುಪಡಿಯ ಜಾಡನ್ನು ದಿನಾಂಕಸಹಿತ ಉಳಿಸುವುದು 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ.

ಎರಡನೆಯದು ಕಾಲಯೋಜನೆ. ಕೆಲಸವನ್ನು ಹಂತಗಳಾಗಿ ವಿಂಗಡಿಸಿ, ಪ್ರತಿ ಹಂತಕ್ಕೂ ದಿನಾಂಕ, ಹೊಣೆಗಾರರು ಹಾಗೂ ಪಾವತಿಯ ಕಂತನ್ನು ಗೊತ್ತುಪಡಿಸಬೇಕು. ನಡುವೆ ಹೊಸ ಬೇಡಿಕೆ ಬಂದರೆ, ಅದರ ಹೆಚ್ಚುವರಿ ವೆಚ್ಚ ಮತ್ತು ದಿನಗಳನ್ನು ಬರೆದು ಉಭಯರೂ ಸಹಿ ಮಾಡಬೇಕು.

ಮೂರನೆಯದು ಸ್ವೀಕಾರ ಪರೀಕ್ಷೆಯ ವಿವರ. ಹಿಂದಿನ ಒಂದು ತಿಂಗಳ ನೈಜ ಬಿಲ್ಲುಗಳನ್ನು ಹೊಸ ತಂತ್ರಾಂಶಕ್ಕೆ ಊಡಿಸಿ, ಬರುವ ಮೊತ್ತವು ಲೆಕ್ಕದ ಪುಸ್ತಕಗಳೊಂದಿಗೆ ತಾಳೆಯಾದ ನಂತರವೇ ಕೊನೆಯ ಕಂತು ಸಲ್ಲಬೇಕು.

ಇವುಗಳೊಂದಿಗೆ ಹಕ್ಕಿನ ಪ್ರಶ್ನೆಯೂ ಇದೆ. 1957ರ ಕೃತಿಸ್ವಾಮ್ಯ ಕಾಯಿದೆಯನ್ವಯ ಕಂಪ್ಯೂಟರ್ ಪ್ರೋಗ್ರಾಂ ಕೂಡ ಒಂದು ಸಾಹಿತ್ಯ ಕೃತಿ. ಹೊರಗಿನ ತಯಾರಕರು ಬರೆದ ಪ್ರೋಗ್ರಾಂನ ಸ್ವಾಮ್ಯ, ಹಣ ಸಂದಾಯವಾದ ಮಾತ್ರಕ್ಕೆ ಉದ್ಯಮಿಗೆ ವರ್ಗವಾಗುವುದಿಲ್ಲ. ಸಹಿ ಮಾಡಿದ ಲಿಖಿತ ಕರಾರು ಬೇಕು. ಅದರಲ್ಲಿ ಅವಧಿಯನ್ನು ನಮೂದಿಸದಿದ್ದರೆ ವರ್ಗಾವಣೆ 5 ವರ್ಷಗಳಿಗೆ ಮಾತ್ರ ಎಂದೇ ಪರಿಗಣಿತವಾಗುತ್ತದೆ. ಸೋರ್ಸ್ ಕೋಡ್, ಪಾಸ್‌ವರ್ಡ್ ಹಾಗೂ ದತ್ತಾಂಶದ ಪ್ರತಿ ಯಾರ ವಶದಲ್ಲಿರಬೇಕೆಂಬುದನ್ನೂ ಅಲ್ಲಿಯೇ ಬರೆಯಬೇಕು. ಇಲ್ಲವಾದರೆ ತಯಾರಕರು ಊರು ಬಿಟ್ಟ ದಿನ ವ್ಯಾಪಾರವೂ ನಿಲ್ಲುವ ಅಪಾಯವಿದೆ.

ಸಣ್ಣ ವ್ಯಾಪಾರಕ್ಕೆ ಇಷ್ಟೆಲ್ಲ ಕಾಗದವೇಕೆ ಎಂಬ ಆಕ್ಷೇಪ ಸಹಜ. ಆದರೆ ದೊಡ್ಡ ಸಂಸ್ಥೆಗೆ ಒಂದು ತಪ್ಪು ಖರೀದಿಯ ನಷ್ಟ ಭರಿಸುವ ಶಕ್ತಿಯಿದೆ, ಸಣ್ಣವರಿಗಿಲ್ಲ. ಸಿದ್ಧ ತಂತ್ರಾಂಶವನ್ನು ಕೊಳ್ಳುವವರಿಗೂ ಅಗತ್ಯಗಳ ಪಟ್ಟಿಯೇ ಆಯ್ಕೆಯ ಅಳತೆಗೋಲು. ಮಾಲೀಕರು ಮತ್ತು ಗುಮಾಸ್ತರು ಒಟ್ಟಿಗೆ ಕುಳಿತು ನಾಲ್ಕು ಪುಟ ಬರೆದ ಬಳಿಕವೇ ಮುಂಗಡದ ಚೆಕ್ಕಿಗೆ ಸಹಿ ಬೀಳುವುದು ಲೇಸು.