ಪರೀಕ್ಷೆಗೆ ಮುನ್ನ ಕನ್ನಡದಲ್ಲೊಂದು ಪಾಠ

ಸಂಕ್ರಾಂತಿ ಕಳೆಯಿತೆಂದರೆ ಹೈದರಾಬಾದಿನ ಕನ್ನಡಿಗರ ಮನೆಗಳಲ್ಲೂ ಇಂಟರ್ ಪರೀಕ್ಷೆಯ ಕಾವು. ಬೈಪಿಸಿ ಮಕ್ಕಳಿಗೆ ಆಮೇಲೆ ನೀಟ್ ಬೇರೆ. ಅದರ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದೇ. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ. ಆದರೆ ಅದು ಕರ್ನಾಟಕದ ಕೇಂದ್ರಗಳಿಗೆ ಸೀಮಿತ. ಹೈದರಾಬಾದಿನಲ್ಲಿ ಬರೆಯುವವರಿಗೆ ಆ ಸೌಲಭ್ಯವಿಲ್ಲ.

ಹಾಗೆಂದು ಕನ್ನಡಕ್ಕೆ ಇಲ್ಲಿ ಕೆಲಸವಿಲ್ಲವೆಂದಲ್ಲ. ಮೈಟಾಸಿಸ್, ಮಿಯಾಸಿಸ್ ಎಂದು ಉರುಹೊಡೆದ ಮಕ್ಕಳು ಪರೀಕ್ಷೆಯಲ್ಲಿ ಎರಡನ್ನೂ ಅದಲುಬದಲು ಮಾಡುವುದುಂಟು. ಮೊದಲನೆಯದು ಮೈ ಬೆಳೆಯಲು, ಗಾಯ ಮಾಯಲು: 46 ವರ್ಣತಂತುಗಳ ಒಂದು ಜೀವಕೋಶದಿಂದ 46ರದೇ ಎರಡು. ಎರಡನೆಯದು ಸಂತಾನಕ್ಕೆ: 46 ಅರ್ಧವಾಗಿ 23. ತಾಯಿಯ 23, ತಂದೆಯ 23 ಕೂಡಿದರೆ ಮತ್ತೆ 46. ಮನೆಮಾತಿನಲ್ಲಿ ಹೀಗೆ ಅರ್ಥವಾದದ್ದನ್ನು ಯಾವ ಭಾಷೆಯಲ್ಲಾದರೂ ಬರೆಯಬಹುದು.

ಸಂಘಗಳಲ್ಲಿ ವೈದ್ಯರಿದ್ದಾರೆ, ನಿವೃತ್ತ ಅಧ್ಯಾಪಕರಿದ್ದಾರೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂಥ ತಾಣಗಳಲ್ಲಿ ಸಂಕ್ರಾಂತಿಯ ನಂತರ ನಾಲ್ಕು ಭಾನುವಾರ ಇಂಥ ಪಾಠ ನಡೆಯಲಿ. ಹಾರ ತುರಾಯಿಯ ಖರ್ಚೂ ಇಲ್ಲ. ಕನ್ನಡ ರಾಜ್ಯೋತ್ಸವದ ಹಾಡಿಗಷ್ಟೇ ಅಲ್ಲ, ಓದಿಗೂ ಒದಗುತ್ತದೆಂದು ಕಂಡ ಮಕ್ಕಳು ನಾಳೆ ಕರೆಯದಿದ್ದರೂ ಸಂಘಕ್ಕೆ ಬಂದಾರು.