ಕೊಂಡ ಮೇಲೂ ಬಾಡಿಗೆ

ಸಾಫ್ಟ್‌ವೇರ್ ಲೈಸೆನ್ಸ್ ವಿಷಯ ಎತ್ತಿದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಉಪದೇಶ: "ರೂಲ್ಸು ಬದಲಾಗ್ತಾನೇ ಇರುತ್ತೆ, ನಾವು ಅಪ್‌ಡೇಟ್ ಆಗಿರ್ಬೇಕು ಅಷ್ಟೇ." ಆಫೀಸಿನ ಐಟಿಯವರು ಹೇಳ್ತಾರೆ, ಸಿಎ ಹೇಳ್ತಾರೆ, ಮಾರೋಕೆ ಬಂದ ಏಜೆಂಟಂತೂ ಹೇಳೇ ಹೇಳ್ತಾನೆ. ಮಳೆಗಾಲ ಬಂತು, ಕೊಡೆ ಇಟ್ಕೊಳ್ಳಿ ಅನ್ನೋ ಧಾಟಿ. ಆದರೆ ಮಳೆಯನ್ನು ಯಾರೂ ಬೋರ್ಡ್ ಮೀಟಿಂಗಿನಲ್ಲಿ ಕೂತು ತೀರ್ಮಾನಿಸೋದಿಲ್ಲ. ಲೈಸೆನ್ಸ್ ಷರತ್ತನ್ನು ತೀರ್ಮಾನಿಸ್ತಾರೆ. ಮನುಷ್ಯರು ಮಾಡಿದ್ದನ್ನು ಪ್ರಕೃತಿ ಅಂತ ಒಪ್ಪಿಕೊಂಡ ಕ್ಷಣವೇ ನಾವು ಸೋತ ಹಾಗೆ.

ತಿತಿಮತಿಯಲ್ಲೊಂದು ಕರಿಮೆಣಸು, ಕಾಫಿಪುಡಿ ವ್ಯಾಪಾರದ ಅಂಗಡಿ ಇದೆ ಅಂತ ಇಟ್ಕೊಳ್ಳಿ. ಹುಣಸೂರು–ಗೋಣಿಕೊಪ್ಪ ರಸ್ತೆ, ಪಕ್ಕದಲ್ಲೇ ನಾಗರಹೊಳೆ ಕಾಡು, ಕಕ್ಕಡದ ಮಳೆಯಲ್ಲಿ ಹೋದರೆ ಬರೋದು ಯಾವಾಗ ಅಂತ ಹೇಳೋಕಾಗದ ಕರೆಂಟು. ಒಂದು ತಕ್ಕಡಿ, ನಾಲ್ಕು ಗೋಣಿಚೀಲ, ಒಂದು ಕಂಪ್ಯೂಟರ್. ಆ ಕಂಪ್ಯೂಟರಿನ ಮುಂದೆ ಕೂತವರು ಅಪ್‌ಡೇಟ್ ಆಗದೆ ಕೂತಿಲ್ಲ ಸ್ವಾಮಿ. 2017ರ ಜುಲೈ 1ಕ್ಕೆ ಜಿಎಸ್‌ಟಿ ಕಲಿತರು. ಇ-ಇನ್‌ವಾಯ್ಸ್ 2020ರ ಅಕ್ಟೋಬರಿನಲ್ಲಿ 500 ಕೋಟಿ ವಹಿವಾಟಿನವರಿಗೆ ಅಂತ ಶುರುವಾಗಿ 100, 50, 20, 10 ಅಂತ ಇಳೀತಾ 2023ರ ಆಗಸ್ಟ್‌ಗೆ 5 ಕೋಟಿಗೆ ಬಂತು. ಮೂರು ವರ್ಷದೊಳಗೆ ಆರು ಮಿತಿ. 2025ರ ಸೆಪ್ಟೆಂಬರ್ 22ಕ್ಕೆ ತೆರಿಗೆ ದರಗಳೇ ಬದಲಾದವು. ಎಲ್ಲವನ್ನೂ ಕಲಿತರು, ಗೊಣಗಿಕೊಂಡೇ ಕಲಿತರು.

ಆದರೆ ಗಮನಿಸಿ, ಇದು ಸರ್ಕಾರದ ನಿಯಮ. ಅಧಿಸೂಚನೆ ಬರುತ್ತೆ, ದಿನಾಂಕ ಇರುತ್ತೆ, ಪ್ರಶ್ನಿಸೋಕೆ ಕೋರ್ಟ್ ಇದೆ, ಗಲಾಟೆ ಮಾಡಿದರೆ ಮುಂದಕ್ಕೂ ಹೋಗುತ್ತೆ. ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಲೇಬೇಕು ಅನ್ನೋ ನಿಯಮ 2021ರ ಏಪ್ರಿಲ್‌ನಿಂದ ಅಂತ ಬಂತು, 2022ಕ್ಕೆ ಹೋಯ್ತು, ಕೊನೆಗೆ 2023ರ ಏಪ್ರಿಲ್ 1ಕ್ಕೆ ನಿಂತಿತು. ಸಾಫ್ಟ್‌ವೇರ್ ಕಂಪನಿ ಷರತ್ತು ಬದಲಿಸೋದಕ್ಕೆ ಇದ್ಯಾವುದೂ ಬೇಕಿಲ್ಲ. ಒಂದು ಇ-ಮೇಲ್ ಸಾಕು.

ಬದಲಾವಣೆ ಎಂಥದ್ದು ಅಂತ ನೋಡೋಣ. ಅಡೋಬ್ 2013ರಲ್ಲಿ ಒಂದೇ ಸಲಕ್ಕೆ ಕೊಳ್ಳುವ ಕ್ರಿಯೇಟಿವ್ ಸೂಟ್‌ಗೆ ಮುಂದಿನ ಆವೃತ್ತಿ ಇಲ್ಲ, ಇನ್ನು ಚಂದಾ ಮಾತ್ರ ಅಂದಿತು. ವಿಎಂವೇರ್ ಅನ್ನು 2023ರ ನವೆಂಬರ್‌ನಲ್ಲಿ ಕೊಂಡ ಬ್ರಾಡ್‌ಕಾಮ್, ಡಿಸೆಂಬರಿನಲ್ಲೇ ಶಾಶ್ವತ ಲೈಸೆನ್ಸ್ ಮಾರಾಟ ನಿಲ್ಲಿಸಿತು. ಹಳೇ ಗಿರಾಕಿಗಳಿಗೂ ಸಪೋರ್ಟ್ ಮುಂದುವರಿಸಬೇಕಾದರೆ ಚಂದಾಕ್ಕೆ ಬನ್ನಿ ಅನ್ನೋ ಉತ್ತರ. ಆರಕಲ್ ಅಂತೂ 2023ರ ಜನವರಿಯಲ್ಲಿ ಜಾವಾ ಚಂದಾದ ಲೆಕ್ಕವನ್ನೇ ತಿರುಗಿಸಿ ಹಾಕಿತು. ಜಾವಾ ಎಷ್ಟು ಜನ ಬಳಸ್ತಾರೆ ಅನ್ನೋದಲ್ಲ, ಸಂಸ್ಥೆಯಲ್ಲಿ ಒಟ್ಟು ಎಷ್ಟು ನೌಕರರಿದ್ದಾರೆ ಅನ್ನೋದು ಲೆಕ್ಕ. ಅರೆಕಾಲಿಕರು, ತಾತ್ಕಾಲಿಕರು ಎಲ್ಲ ಸೇರಿ. ಸಾವಿರದೊಳಗಿನ ಸಂಸ್ಥೆಗೆ ತಲೆಗೆ ತಿಂಗಳಿಗೆ 15 ಡಾಲರ್ ಅಂತ ದರಪಟ್ಟಿ. ಇದನ್ನ ಕೊಡಗಿನ ಭಾಷೆಗೆ ತಂದರೆ ಹೀಗೆ: ತೋಟದಲ್ಲಿ ಕಂಪ್ಯೂಟರ್ ಮುಟ್ಟೋದು ಒಬ್ಬ ರೈಟರು. ಕಾಫಿ ಕುಯ್ಯೋರು ನೂರು ಜನ. ಬಿಲ್ಲು ನೂರ ಒಂದು ತಲೆಗೆ, ತಿಂಗಳಿಗೆ 1515 ಡಾಲರ್!

ಇದೆಲ್ಲ ದೊಡ್ಡವರ ಜಗಳ, ನಮಗೇನು ಅನ್ನೋರು 2025ರ ಜುಲೈ ನೆನಪಿಸಿಕೊಳ್ಳಿ. ಗುಜರಾತಿನ ವಾಡಿನಾರ್‌ನಲ್ಲಿ ರಿಫೈನರಿ ನಡೆಸುವ ನಯಾರಾ ಎನರ್ಜಿಯಲ್ಲಿ ರಷ್ಯಾದ ರಾಸ್‌ನೆಫ್ಟ್‌ಗೆ ಪಾಲಿದೆ. ಯುರೋಪಿಯನ್ ಒಕ್ಕೂಟ ನಿರ್ಬಂಧ ಹೇರಿತು. ಭಾರತ ಹೇರಿರಲಿಲ್ಲ. ಆದರೂ ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿತು, ನೌಕರರ ಇ-ಮೇಲ್ ಬಂದ್ ಆಯ್ತು. ಲೈಸೆನ್ಸ್‌ಗೆ ಪೂರ್ತಿ ದುಡ್ಡು ಕಟ್ಟಿದ್ದೇವೆ ಅಂತ ಕಂಪನಿ ದೆಹಲಿ ಹೈಕೋರ್ಟಿಗೆ ಹೋಯ್ತು. ಕೆಲವೇ ದಿನಗಳಲ್ಲಿ ಸೇವೆ ವಾಪಸ್ ಬಂತು. ದೊಡ್ಡ ವಕೀಲರನ್ನು ಇಟ್ಟುಕೊಳ್ಳಬಲ್ಲ ತೈಲ ಕಂಪನಿಗೆ ಅಷ್ಟು ದಿನ ಹಿಡಿದಿದ್ದರೆ, ತಿತಿಮತಿಯ ಅಂಗಡಿಯವರು ಯಾವ ಬಾಗಿಲು ತಟ್ಟಬೇಕು?

ನಿಜ ಹೇಳಬೇಕೆಂದರೆ, ಲೈಸೆನ್ಸ್ ಅಂದರೆ ಏನು ಅಂತ ಕೊಡಗಿನವರಿಗೆ ಪಾಠ ಮಾಡೋ ಅಗತ್ಯವಿಲ್ಲ. ಜಮ್ಮಾ ಬಾಣೆಯ ಗೋಳು ತಲೆಮಾರುಗಳಿಂದ ಗೊತ್ತು. ಅನುಭವಿಸುವ ಹಕ್ಕು ಕುಟುಂಬದ್ದು, ನೆರಳಿಗೆ ಬೆಳೆಸಿ ಕಾಪಾಡಿದ ಮರ ಮಾತ್ರ, ಅನ್‌ರಿಡೀಮ್ಡ್ ಬಾಣೆಯಾದರೆ, ಬೆಲೆ ಕಟ್ಟದೆ ಕಡಿಯುವಂತಿಲ್ಲ. ಉಳುವವನಿಗೂ ಒಡೆಯನಿಗೂ ನಡುವಿನ ಗೆರೆ ಎಲ್ಲಿದೆ ಅಂತ ಕಚೇರಿಯಿಂದ ಕಚೇರಿಗೆ ಅಲೆದ ಜನ ನಾವು. ಆದರೆ ಅಲ್ಲಿ ಪಹಣಿ ಅಂತ ಒಂದಿತ್ತು, ವಾದ ಮಾಡೋಕೆ ಕಾಗದ ಇತ್ತು. ಇಲ್ಲಿ "ಐ ಅಗ್ರೀ" ಗುಂಡಿಯ ಕೆಳಗೆ ಇರುವ ಕಾಗದವನ್ನು ಅವರೇ ಬರೀತಾರೆ, ಅವರೇ ಹರೀತಾರೆ.

ಇನ್ನು ಕಾನೂನು. 2004ರಲ್ಲಿ ಟಿಸಿಎಸ್ ಮತ್ತು ಆಂಧ್ರಪ್ರದೇಶದ ನಡುವಿನ ಪ್ರಕರಣದಲ್ಲಿ, ಸಿದ್ಧ ಸಾಫ್ಟ್‌ವೇರ್ ಅನ್ನೋದು 'ಸರಕು', ಮಾರಾಟ ತೆರಿಗೆ ಕಟ್ಟಿ ಅಂತ ಸುಪ್ರೀಂ ಕೋರ್ಟ್ ಹೇಳಿತು. 2021ರಲ್ಲಿ ಎಂಜಿನಿಯರಿಂಗ್ ಅನಾಲಿಸಿಸ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟಿನ ನಿಲುವನ್ನು ತಳ್ಳಿಹಾಕಿ, ವಿದೇಶಿ ಸಾಫ್ಟ್‌ವೇರ್‌ಗೆ ಕೊಡುವ ಹಣ ರಾಯಲ್ಟಿ ಅಲ್ಲ, ಒಂದು ಪ್ರತಿ ಕೊಂಡ ಬೆಲೆ ಅಂತ ತೀರ್ಪು ಕೊಟ್ಟಿತು. ಅಂದರೆ ತೆರಿಗೆಯ ಹೊತ್ತಿಗೆ ಇದು ಮಾರಾಟ. ಕೊಂಡವನು ಹಕ್ಕು ಕೇಳಿದ ಹೊತ್ತಿಗೆ, "ಅಯ್ಯೋ, ಇದು ಬರೀ ಅನುಮತಿ ಕಣ್ರೀ!"

ಶಿಕ್ಷೆಯಲ್ಲೂ ಅದೇ ತಾರತಮ್ಯ. ಕೃತಿಸ್ವಾಮ್ಯ ಕಾಯ್ದೆಯ 63ಬಿ ಪ್ರಕಾರ ಕದ್ದ ಪ್ರತಿ ಅಂತ ತಿಳಿದೂ ವ್ಯಾಪಾರಕ್ಕೆ ಬಳಸಿದರೆ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, ಜತೆಗೆ 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಕದಿಯೋದು ತಪ್ಪೇ, ಅದರಲ್ಲಿ ವಾದ ಇಲ್ಲ. ಮಾರಿದವನು ಮಧ್ಯದಲ್ಲಿ ಷರತ್ತು ತಿರುಚಿದರೆ? 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 'ಅನ್ಯಾಯದ ಒಪ್ಪಂದ' ಅನ್ನೋ ಒಳ್ಳೆಯ ಕಲ್ಪನೆ ಇದೆ. ಸಕಾರಣವಿಲ್ಲದೆ ಏಕಪಕ್ಷೀಯವಾಗಿ ಒಪ್ಪಂದ ಮುರಿಯೋದೂ ಅದರಲ್ಲಿ ಸೇರಿದೆ. ಆದರೆ ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಬಿಟ್ಟರೆ, ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಆ ಕಾಯ್ದೆಯ ಕಣ್ಣಿಗೆ ಗ್ರಾಹಕನೇ ಅಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನೋ ಗಾದೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕಾ?

ಎದುರುವಾದ ನನಗೆ ಗೊತ್ತು. ಚಂದಾ ಅಂದರೆ ಶುರುವಿಗೆ ದೊಡ್ಡ ಮೊತ್ತ ಬೇಡ, ಸರ್ವರ್ ನಡೆಸೋಕೆ ಪ್ರತಿ ತಿಂಗಳು ಖರ್ಚಿದೆ, ಹೊಸ ಕಾನೂನಿಗೆ ತಕ್ಕ ಹಾಗೆ ಬದಲಿಸೋಕೂ ಎಂಜಿನಿಯರಿಗೆ ಸಂಬಳ ಕೊಡಬೇಕು. ಎಲ್ಲ ನಿಜ. ತಿಂಗಳ ಕೆಲಸಕ್ಕೆ ತಿಂಗಳ ಕೂಲಿ ಕೊಡೋದರಲ್ಲಿ ನನಗೆ ತಕರಾರಿಲ್ಲ. ತಕರಾರು ಇರೋದು ಕೂಲಿ ನಿಂತ ದಿನ ಹಿಂದೆ ಕಟ್ಟಿದ ಗೋಡೆಯನ್ನೂ ಕೆಡವಿಕೊಂಡು ಹೋಗುವುದರ ಬಗ್ಗೆ. ಬೆಂಗಳೂರಿನದೇ ಟ್ಯಾಲಿ ನೋಡಿ. ಅದರ ಶಾಶ್ವತ ಲೈಸೆನ್ಸ್ ಕೊಂಡವರು ವಾರ್ಷಿಕ ಸೇವೆ ನವೀಕರಿಸದಿದ್ದರೆ ಹೊಸ ಆವೃತ್ತಿ ಸಿಗೋಲ್ಲ, ಕೈಲಿರುವುದು ಓಡುತ್ತೆ. ಮೈಕ್ರೋಸಾಫ್ಟ್ 365 ಹಾಗಲ್ಲ. 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್ ಮೂಲಕ ಹಾಜರಿ ಹಾಕಬೇಕು, ಇಲ್ಲವಾದರೆ ನಿಮ್ಮದೇ ಕಡತವನ್ನು ನೋಡಬಹುದು, ತಿದ್ದೋ ಹಾಗಿಲ್ಲ. ಎರಡು ಥರದ ವ್ಯಾಪಾರವೂ ನಡೀತಿದೆ. ಅಂದರೆ ಬೇರೆ ದಾರಿಯೇ ಇಲ್ಲ ಅನ್ನೋದು ಸುಳ್ಳು.

"ಹಾಗಾದ್ರೆ ಓಪನ್ ಸೋರ್ಸ್‌ಗೆ ಹೋಗಿ" ಅನ್ನೋರಿಗೂ ಒಂದು ಮಾತು. ಅಲ್ಲೂ ಷರತ್ತು ಬದಲಾಗಿದೆ. ಹ್ಯಾಶಿಕಾರ್ಪ್ 2023ರಲ್ಲಿ ಬದಲಿಸಿತು, ರೆಡಿಸ್ 2024ರಲ್ಲಿ ಬದಲಿಸಿತು. ವ್ಯತ್ಯಾಸ ಏನೆಂದರೆ, ಅಲ್ಲಿವರೆಗೆ ಕೊಟ್ಟಿದ್ದನ್ನು ಅವರು ವಾಪಸ್ ಕಿತ್ಕೊಳ್ಳೋಕೆ ಆಗಲಿಲ್ಲ. ಹಳೇ ಕೋಡ್ ಇಟ್ಟುಕೊಂಡೇ ಓಪನ್‌ಟೋಫು, ವಾಲ್ಕೀ ಹುಟ್ಟಿದವು. ಮರುವರ್ಷ ರೆಡಿಸ್ ತಾನೇ ಮತ್ತೆ ಓಪನ್ ಸೋರ್ಸ್ ಲೈಸೆನ್ಸ್‌ಗೆ ಬಂತು. ಕುಟ್ಟ ದಾಟಿದರೆ ಸಿಗೋ ಕೇರಳದ ಶಾಲೆಗಳು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ನಡೀತಿವೆ. ಸ್ವದೇಶಿ ಕಂಪನಿಗೆ ಬದಲಾದರೆ ಸಾಕು ಅನ್ನೋದು ಮಾತ್ರ ಅರ್ಧ ಉತ್ತರ. ಒಡೆಯನ ಊರು ಬದಲಾದ ಮಾತ್ರಕ್ಕೆ ಬಾಡಿಗೆಮನೆ ಸ್ವಂತಮನೆ ಆಗೋಲ್ಲ.

ಏನು ಬೇಕು ಅಂತ ನೇರವಾಗಿ ಹೇಳ್ತೀನಿ. ಒಂದು, ಚಿಕ್ಕ ವ್ಯಾಪಾರಿಗೂ ಅನ್ಯಾಯದ ಒಪ್ಪಂದದಿಂದ ರಕ್ಷಣೆ. ಆಸ್ಟ್ರೇಲಿಯಾ 2016ರಲ್ಲೇ ಇದನ್ನು ಸಣ್ಣ ಉದ್ದಿಮೆಗಳಿಗೆ ವಿಸ್ತರಿಸಿತು, 2023ರಿಂದ ದಂಡವನ್ನೂ ಸೇರಿಸಿತು. ಎರಡು, ಚಂದಾ ನಿಂತರೂ ಹಳೇ ಲೆಕ್ಕ ಓದುವ, ಹೊರಗೆ ತೆಗೆದುಕೊಳ್ಳುವ ಹಕ್ಕು. ಜಿಎಸ್‌ಟಿ ಕಾನೂನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಲೆಕ್ಕ ಇಟ್ಟುಕೊಳ್ಳಿ ಅನ್ನುತ್ತೆ, ಕಂಪನಿ ಕಾಯ್ದೆ 8 ವರ್ಷ ಅನ್ನುತ್ತೆ. ಸರ್ಕಾರ 8 ವರ್ಷ ಕೇಳೋವಾಗ ಕಂಪನಿ ಚಂದಾ ಮುಗಿದ ಮರುದಿನ ಬೀಗ ಹಾಕೋದಾದರೆ, ದಂಡ ಕಟ್ಟೋರು ಯಾರು? ಯುರೋಪಿನ ಡೇಟಾ ಆಕ್ಟ್ 2025ರ ಸೆಪ್ಟೆಂಬರ್‌ನಿಂದ ಕ್ಲೌಡ್ ಬದಲಿಸುವ ಹಕ್ಕು ಕೊಟ್ಟಿದೆ, ಬದಲಿಸೋದಕ್ಕೆ ಶುಲ್ಕ ವಸೂಲಿ ಮಾಡೋದೂ 2027ರ ಜನವರಿಗೆ ನಿಲ್ಲಬೇಕು. ಮೂರು, ಷರತ್ತು ಬದಲಿಸೋದಾದರೆ ಒಂದು ವರ್ಷದ ಮುನ್ಸೂಚನೆ, ಕನ್ನಡದಲ್ಲಿ, ಮತ್ತು ಹಿಂದೆ ಕೊಂಡವರಿಗೆ ಹಳೇ ಷರತ್ತೇ.

ಇದನ್ನೆಲ್ಲ ಸರ್ಕಾರ ಮಾಡಲಿ ಅಂತ ಕೂರೋ ಮುಂಚೆ ನಮ್ಮ ಕಡೆಗೂ ಒಮ್ಮೆ ನೋಡಿಕೊಳ್ಳೋಣ. ವಾರಾಂತ್ಯಕ್ಕೆ ಕೊಡಗಿನ ಹೋಂಸ್ಟೇಗೆ ಹೋಗೋ ನಾವೇ ಸೋಮವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಕೂತು ಈ ಬೆಲೆಪಟ್ಟಿಗಳನ್ನು ಮಾಡ್ತೀವಿ, 'ಎಕ್ಸ್‌ಪೋರ್ಟ್' ಗುಂಡಿಯನ್ನು ನಾಲ್ಕು ಮೆನು ಒಳಗೆ ಹೂತುಹಾಕ್ತೀವಿ, ಗಿರಾಕಿ ಬಿಟ್ಟುಹೋಗದ ಹಾಗೆ ಮಾಡಿದ್ದಕ್ಕೆ ಅಪ್ರೈಸಲ್‌ನಲ್ಲಿ ಬೆನ್ನು ತಟ್ಟಿಸಿಕೊಳ್ತೀವಿ. ಆಫೀಸಿನ ಪರವಾಗಿ ಸಾಫ್ಟ್‌ವೇರ್ ಕೊಳ್ಳೋರೂ ನಾವೇ. ಮುಂದಿನ ಸಲ ಕೊಳ್ಳೋವಾಗ ಬೆಲೆಗಿಂತ ಮೊದಲು ಒಂದು ಪ್ರಶ್ನೆ ಕೇಳಿ: ದುಡ್ಡು ಕಟ್ಟೋದು ನಿಲ್ಲಿಸಿದ ಮರುದಿನ ನನ್ನ ಹತ್ತಿರ ಏನು ಉಳಿಯುತ್ತೆ? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಕೊಡದಿದ್ದರೆ ಸಹಿ ಹಾಕಬೇಡಿ. ಮಾರುವ ಕಡೆ ಕೂತಿದ್ದರೆ, ಆ ಗುಂಡಿಯನ್ನು ಮೊದಲ ಪುಟಕ್ಕೆ ತನ್ನಿ. ಅಪ್‌ಡೇಟ್ ಆಗಬೇಕಾದವರು ಅಂಗಡಿಯವರಲ್ಲ.